ನೆಲವೇ ಕೂಗುವ ಊರಿನಲ್ಲಿ ಗುಂಡು ಹುಡುಕುವುದು

ಹೊನ್ನಾವರದ ಗುಡ್ಡದಲ್ಲಿ ಮೆಟಲ್ ಡಿಟೆಕ್ಟರ್ ಚಾಲೂ ಮಾಡಿದರೆ ಮೊದಲು ಕೂಗುವುದು ನೆಲವೇ. ತಟ್ಟೆ ಇಳಿಸಿದರೂ ಕೂಗು, ಎತ್ತಿದರೂ ಕೂಗು, ಸುಮ್ಮನೆ ಹಿಡಿದು ನಿಂತರೂ ಒಳಗೊಳಗೇ ಗೊಣಗು. ನಮ್ಮ ಚಿರೆಕಲ್ಲಿನ ಕೆಂಪು ಬಣ್ಣವೇ ಕಬ್ಬಿಣದ್ದು. ಕಬ್ಬಿಣದ ಮೇಲೆ ನಿಂತು ಕಬ್ಬಿಣ ಹುಡುಕಲು ಹೊರಟವನಿಗೆ ಯಂತ್ರವಾದರೂ ಏನು ಹೇಳೀತು? ಇಂಗ್ಲೆಂಡಿನ ಗೋಧಿ ಹೊಲದಲ್ಲಿ ರೋಮನ್ ನಾಣ್ಯ ಎತ್ತುವವರ ವಿಡಿಯೋ ನೋಡಿ ನಮ್ಮ ಹುಡುಗರೂ ಆನ್‌ಲೈನಿನಲ್ಲಿ ಅಗ್ಗದ ಡಿಟೆಕ್ಟರ್ ತರಿಸುತ್ತಾರೆ. ನಾಲ್ಕು ದಿನ ಗುಡ್ಡ ಸುತ್ತುತ್ತಾರೆ. ಆಮೇಲೆ ಅದು ಅಟ್ಟ ಸೇರುತ್ತದೆ.

ನಾನು ಟೆಲಿಫೋನ್ ಇಲಾಖೆಯಲ್ಲಿ ದುಡಿದವನು. ನೆಲದೊಳಗಿನ ಕೇಬಲ್ ಎಲ್ಲಿ ಹೋಗಿದೆ, ಎಲ್ಲಿ ಕಡಿದಿದೆ ಎಂದು ಕಿವಿಗೆ ಹೆಡ್‌ಫೋನ್ ಏರಿಸಿ ಹುಡುಕುವುದೇ ಹೊಟ್ಟೆಪಾಡಾಗಿತ್ತು. ನಿವೃತ್ತಿಯಾದ ಮೇಲೆ ಭಟ್ಕಳದ ಗೆಳೆಯರೊಬ್ಬರು ದುಬೈಯಿಂದ ಬರುವಾಗ ಒಂದು ಒಳ್ಳೆಯ ಡಿಟೆಕ್ಟರ್ ತಂದು, "ನನಗೆ ಪುರುಸೊತ್ತಿಲ್ಲ ಹೆಗಡೇರೆ, ನೀವೇ ಇಟ್ಕೊಳ್ಳಿ" ಎಂದು ಕೈಗಿಟ್ಟರು. ಯಂತ್ರದ ಭಾಷೆ ಗೊತ್ತಿತ್ತು, ಹುಡುಕಬೇಕಾದ್ದೇನು ಎಂಬುದೂ ತಲೆಯಲ್ಲಿತ್ತು: 1783ರ ಯುದ್ಧ.

ಎರಡನೆಯ ಮೈಸೂರು ಯುದ್ಧ ಎಂದು ಶಾಲೆಯಲ್ಲಿ ಒಂದೇ ಸಾಲಿನಲ್ಲಿ ಓದಿ ಮುಗಿಸಿದ್ದು ಕುಮಟಾ, ಹೊನ್ನಾವರ, ಭಟ್ಕಳ ಎಂಬ ನಮ್ಮ ಮೂರು ತಾಲೂಕಿನ ನಡುವೆಯೇ ಹಾದುಹೋದ ಸಂಗತಿ. ಹೈದರಾಲಿ ತೀರಿಕೊಂಡದ್ದು 1782ರ ಡಿಸೆಂಬರ್ 7ರಂದು. ಅದೇ ಹೊತ್ತಿಗೆ ಮುಂಬೈಯಿಂದ ಜನರಲ್ ರಿಚರ್ಡ್ ಮ್ಯಾಥ್ಯೂಸ್ ಎಂಬವನ ಕೈಕೆಳಗಿನ ಕಂಪನಿ ಸೈನ್ಯ ಹಡಗಿನಲ್ಲಿ ಬಂದು ಅಘನಾಶಿನಿ ಅಳಿವೆಯ ಬಳಿ ಇಳಿಯಿತು. ಅಳಿವೆಯ ಕೋಟೆ ಬಿತ್ತು, ಮಿರ್ಜಾನ್ ಬಿತ್ತು. 1783ರ ಜನವರಿ ಮೊದಲ ವಾರದಲ್ಲಿ ಹೊನ್ನಾವರದ ಕೋಟೆಯನ್ನು ತೋಪಿನಿಂದ ಒಡೆದು ನುಗ್ಗಿದರು. ಅಲ್ಲಿಂದ ದಕ್ಷಿಣಕ್ಕೆ ಸಾಗಿ, ಹೊಸಂಗಡಿ ಘಾಟಿ ಹತ್ತಿ, ತಿಂಗಳು ಮುಗಿಯುವುದರೊಳಗೆ ಬಿದನೂರು ನಗರವನ್ನೇ ಕೈವಶ ಮಾಡಿಕೊಂಡರು. ಅಲ್ಲಿದ್ದ ಅಧಿಕಾರಿ ಅಯಾಜ್ ಕೋಟೆಯನ್ನು ತಾನಾಗಿಯೇ ಒಪ್ಪಿಸಿದ. ಈ ಸಡಗರ ಮೂರು ತಿಂಗಳಷ್ಟೇ. ಏಪ್ರಿಲಿನಲ್ಲಿ ಟಿಪ್ಪು ದೊಡ್ಡ ದಂಡಿನೊಂದಿಗೆ ಬಂದು ನಗರವನ್ನು ಮರಳಿ ಹಿಡಿದ. ಮ್ಯಾಥ್ಯೂಸ್ ಸೆರೆಯಾಗಿ ಶ್ರೀರಂಗಪಟ್ಟಣದಲ್ಲಿ ಸತ್ತ.

ಘಟ್ಟದ ಮೇಲೆ ಎಲ್ಲ ಮುಗಿದರೂ ಹೊನ್ನಾವರದ ಕೋಟೆಯೊಳಗೆ ಕ್ಯಾಪ್ಟನ್ ಟೊರಿಯಾನೊ ಎಂಬವನು ಉಳಿದುಬಿಟ್ಟಿದ್ದ. ಮಳೆಗಾಲ ಬಂತು. ನಮ್ಮ ಕರಾವಳಿಯಲ್ಲಿ ಜೂನ್ ಬಂದರೆ ಹಡಗು ಹತ್ತಿರ ಸುಳಿಯುವುದಿಲ್ಲ, ಅಂದ ಮೇಲೆ ಸಮುದ್ರದಿಂದ ಸಹಾಯದ ಮಾತೇ ಇಲ್ಲ. ಟಿಪ್ಪುವಿನ ಕಡೆಯ ಲುತ್ಫ್ ಅಲಿ ಬೇಗ್ ಸುತ್ತುವರಿದು ಕೂತ. ನಡುವೆ ಕದನವಿರಾಮವಾಯಿತು, ಒಳಗೆ ಹಸಿವು ಮತ್ತು ಕಾಯಿಲೆ ಮುಂದುವರಿಯಿತು. 1784ರ ಮಾರ್ಚ್ 11ರಂದು ಮಂಗಳೂರು ಒಪ್ಪಂದಕ್ಕೆ ಸಹಿ ಬೀಳುವವರೆಗೂ ಟೊರಿಯಾನೊ ಕೋಟೆ ಬಿಡಲಿಲ್ಲ. ಈ ಮುತ್ತಿಗೆಯ ಕಥೆ ಜೇಮ್ಸ್ ಫೋರ್ಬ್ಸ್ 1813ರಲ್ಲಿ ಪ್ರಕಟಿಸಿದ 'ಓರಿಯೆಂಟಲ್ ಮೆಮೊಯರ್ಸ್'ನಲ್ಲಿ ವಿವರವಾಗಿ ಸಿಗುತ್ತದೆ. ಅದು ಕೋಟೆಯೊಳಗಿನವರ ಕಡೆಯ ಕಥೆ. ಹೊರಗೆ ಮಳೆಯಲ್ಲಿ ನೆನೆದು ತೋಪು ಎಳೆದವರ, ಬಿಟ್ಟಿಗೆ ಹಿಡಿದು ಮಣ್ಣು ಹೊರಿಸಿಕೊಂಡ ಊರವರ ಕಥೆಯನ್ನು ಯಾರೂ ಬರೆದಿಟ್ಟಿಲ್ಲ. ಬರೆಯದ್ದನ್ನು ನೆಲ ಹೇಳೀತೇ ಎಂಬುದು ನನ್ನ ಆಸೆ.

ಹುಡುಕಲು ಜಾಗವೂ ಒದಗಿತು. ನನ್ನ ಭಾವನ ಮಾಲ್ಕಿ ಜಮೀನು ಶರಾವತಿ ಅಳಿವೆ ಕಾಣುವ ಒಂದು ದಿಬ್ಬದ ಬದಿಗಿದೆ. ಮೇಲೆ ಬೇಣ, ಕೆಳಗೆ ತೆಂಗಿನ ತೋಟ. ಕೋಟೆಗೆ ಗುರಿಯಿಟ್ಟು ತೋಪು ನಿಲ್ಲಿಸುವವನು ಇಂಥ ಕಡೆಯೇ ನಿಲ್ಲಿಸಿಯಾನು ಎಂಬ ಲೆಕ್ಕ ನನ್ನದು. ಭಾವ ಒಪ್ಪಿಗೆ ಕೊಟ್ಟ ಬಗೆ ಇಷ್ಟೇ: "ನಿಂಗೆ ಬೇರೆ ಕೆಲ್ಸ ಇಲ್ಯ?"

ಯಂತ್ರದ ಕೆಲಸ ಕೇಳಲು ಸರಳ. ತಟ್ಟೆಯೊಳಗೆ ಎರಡು ತಂತಿಸುರುಳಿ. ಒಂದರಲ್ಲಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ವಿದ್ಯುತ್ತು ಹರಿಯುತ್ತದೆ. ಅದರ ಕಾಂತಕ್ಷೇತ್ರ ನೆಲಕ್ಕಿಳಿದು ಲೋಹಕ್ಕೆ ತಾಗಿದರೆ ಲೋಹದೊಳಗೂ ಸಣ್ಣ ವಿದ್ಯುತ್ತು ಸುಳಿಯುತ್ತದೆ, ಅದರ ಪ್ರತಿಕ್ರಿಯೆಯನ್ನು ಎರಡನೆಯ ಸುರುಳಿ ಹಿಡಿಯುತ್ತದೆ. ಆ ಪ್ರತಿಕ್ರಿಯೆ ಎಷ್ಟು ತಡವಾಗಿ ಬಂತು ಎಂಬುದರ ಮೇಲೆ ಇದು ಕಬ್ಬಿಣವೋ, ಸೀಸವೋ, ತಾಮ್ರವೋ ಎಂದು ಯಂತ್ರ ಊಹಿಸುತ್ತದೆ. ತೊಂದರೆಯೆಂದರೆ ಚಿರೆಕಲ್ಲಿನೊಳಗಿನ ಕಬ್ಬಿಣದ ಖನಿಜವೂ ಇದೇ ಆಟ ಆಡುತ್ತದೆ. ನೆಲದ ಸದ್ದನ್ನು ಕಳೆಯಲು ಗ್ರೌಂಡ್ ಬ್ಯಾಲೆನ್ಸ್ ಎಂಬ ಹೊಂದಾಣಿಕೆ ಇದೆ. ಆದರೆ ನಮ್ಮಲ್ಲಿ ಹತ್ತು ಹೆಜ್ಜೆಗೊಮ್ಮೆ ನೆಲವೇ ಬೇರೆ: ಇಲ್ಲಿ ಕಲ್ಲುಹಾಸು, ಅಲ್ಲಿ ಜಂಬಿಟ್ಟಿಗೆ ಹರಳು, ಮುಂದೆ ಗೋಡುಮಣ್ಣು. ಪ್ರತಿಸಲ ನಿಂತು ಮತ್ತೆ ಹೊಂದಿಸಿಕೊಳ್ಳಬೇಕು.

ಅಳಿವೆ ಬದಿಯ ಮರಳು ತೋಟದಲ್ಲಿ ಯಂತ್ರ ಸಮಾಧಾನದಿಂದಿರುತ್ತದೆ. ಆದರೆ ಉಪ್ಪುನೀರು ಏರಿ ಇಳಿದ ಹಸಿ ಮರಳಿನಲ್ಲಿ ಮತ್ತೆ ತಕರಾರು, ಏಕೆಂದರೆ ಉಪ್ಪುನೀರಿನಲ್ಲೂ ವಿದ್ಯುತ್ತು ಹರಿಯುತ್ತದೆ. ಗಜನಿ ಗದ್ದೆಯಲ್ಲೂ ಅದೇ ಪಾಡು. ಕೇಬಲ್ ಹುಡುಕುವ ಕಾಲದ ಒಂದು ಚಾಳಿ ಇಲ್ಲಿ ಕೈಹಿಡಿಯಿತು. ಹೊಸಬರು ಸೂಕ್ಷ್ಮತೆಯ ಗುಂಡಿಯನ್ನು ಕೊನೆಯವರೆಗೆ ಏರಿಸುತ್ತಾರೆ. ನಾನು ಅರ್ಧಕ್ಕಿಳಿಸಿ, ಸಣ್ಣ ತಟ್ಟೆ ಹಾಕಿ, ನಿಧಾನವಾಗಿ ಬೀಸಿದೆ. ಆಳ ಕಡಿಮೆಯಾಯಿತು, ಗೊಂದಲವೂ ಕಡಿಮೆಯಾಯಿತು. ಒಂದು ಗೇಣಿನೊಳಗಿರುವುದು ಸ್ಪಷ್ಟವಾಗಿ ಕೇಳಿದರೆ ಸಾಕು, ಮೊಳದಾಳದ್ದು ಇರಲಿ ಬಿಡಿ.

ಸ್ಪಷ್ಟವಾಗಿ ಕೇಳಿದ್ದೇನು? ಎತ್ತಿನ ಲಾಳ. ಗಾಡಿ ಕೀಲು. ಕೊಡೆಕಡ್ಡಿ. ಟಾರ್ಚಿನ ಹಳೇ ಸೆಲ್ಲು. ಹಂದಿ ಉರುಳಿನ ತಂತಿ. ಬಿಯರ್ ಬಾಟಲಿಯ ಮುಚ್ಚಳ ಲೆಕ್ಕವಿಲ್ಲದಷ್ಟು. ಗುಟ್ಕಾ ಚೀಟಿಯೊಳಗಿನ ಬೇಗಡೆಗೂ ಯಂತ್ರ ರಾಗ ಹಾಡುತ್ತದೆ. ತೋಟಕ್ಕೆ ಬಂದ ಕೆಲಸದವರು ಬೇಲಿಯಾಚೆ ನಿಂತು, "ಹೆಗಡೇರೆ, ನಿಧಿ ಸಿಕ್ರೆ ನಮ್ಗೂ ಒಂದ್ ಪಾಲು ಇಡ್ರಿ" ಎಂದು ನಗುತ್ತಿದ್ದರು. ಎರಡನೆಯ ವಾರಕ್ಕೆ ಆ ನಗು ಊರಿನಲ್ಲಿ ಸುದ್ದಿಯಾಗಿ ತಿರುಗಿತು.

ಈ ಕೆಲಸಕ್ಕೆ ಇಳಿಯುವವರು ಮೊದಲು ತಿಳಿದಿರಬೇಕಾದ್ದು ಇದು. ನಮ್ಮ ಕಡೆ ನೆಲ ಅಗೆಯುವವನು ಎಂದರೆ ನಿಧಿಗಳ್ಳ, ಬೇರೆ ಅರ್ಥ ಇಲ್ಲ. ಹಾಗೆ ಅಂದುಕೊಳ್ಳಲು ಜನರಿಗೆ ಕಾರಣವೂ ಇದೆ. ಗೇರುಸೊಪ್ಪೆಯಿಂದ ಹಾಡುವಳ್ಳಿಯವರೆಗೆ ಕಾಡು ನುಂಗಿದ ಗುಡಿ, ಬಸದಿಗಳಲ್ಲಿ ಪೀಠ ಕಿತ್ತು ಹಾಕಿದ್ದು, ನಂದಿಯನ್ನು ಮಗುಚಿದ್ದು ಕಾಣದವರಾರು? ಮೆಣಸಿನ ರಾಣಿ ಚೆನ್ನಭೈರಾದೇವಿಯ ಚಿನ್ನ ಎಲ್ಲೋ ಹುಗಿದಿದೆ ಎಂಬ ಮಾತು ಅಜ್ಜಂದಿರ ಬಾಯಿಂದ ಮೊಬೈಲಿಗೆ ಬಂದು ಕೂತಿದೆ. ಪುರಾತತ್ವ ಸರ್ವೇಕ್ಷಣ ಇಲಾಖೆ 2000-01ರಲ್ಲಿ ಮಿರ್ಜಾನ್ ಕೋಟೆಯಲ್ಲಿ ಉತ್ಖನನ ಮಾಡಿದಾಗ ಫಿರಂಗಿ ಗುಂಡುಗಳು, ಚೀನಾದ ಪಿಂಗಾಣಿ ಚೂರುಗಳು ಮತ್ತು ಪೋರ್ಚುಗೀಸ್ ವೈಸರಾಯ್ ಟಂಕಿಸಿದ ಒಂದು ಚಿನ್ನದ ನಾಣ್ಯ ಸಿಕ್ಕಿದ್ದವು. ಜನರ ನೆನಪಿನಲ್ಲಿ ಉಳಿದದ್ದು ಆ ಒಂದು ನಾಣ್ಯ ಮಾತ್ರ. ಚೀನಾದ ಪಿಂಗಾಣಿ ಅಘನಾಶಿನಿಯ ದಂಡೆಗೆ ಹೇಗೆ ಬಂತು ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಹಾಗಾಗಿ ಕಾಗದಪತ್ರದ ಕಡೆ ಮೊದಲೇ ಗಮನ ಕೊಟ್ಟದ್ದು ಒಳ್ಳೆಯದಾಯಿತು. ಕೋಟೆಗಳಂಥ ಸಂರಕ್ಷಿತ ಸ್ಮಾರಕದೊಳಗೆ ಅನುಮತಿಯಿಲ್ಲದೆ ಒಂದು ಹಿಡಿ ಮಣ್ಣು ಕೆದರಿದರೂ ಅಪರಾಧ. 2010ರ ತಿದ್ದುಪಡಿಯ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ನೂರು ವರ್ಷ ದಾಟಿದ ನಾಣ್ಯ, ಗುಂಡುಗಳಂಥ ವಸ್ತು 1972ರ ಕಾಯ್ದೆಯಲ್ಲಿ ಪುರಾತನ ವಸ್ತು ಎನಿಸಿಕೊಳ್ಳುತ್ತದೆ, ಅದನ್ನು ಮಾರಲು, ದೇಶದಾಚೆ ಕಳಿಸಲು ಕಟ್ಟುಪಾಡುಗಳಿವೆ. ಸ್ವಂತ ಜಮೀನಿನಲ್ಲಿ ಸಿಕ್ಕಿದರೂ ಸುಮ್ಮನಿರುವಂತಿಲ್ಲ. ನಿಕ್ಷೇಪ ಕಾಯ್ದೆ, ನೆಲದಲ್ಲಿ ಹುದುಗಿದ್ದ ಬೆಲೆಬಾಳುವ ವಸ್ತು ಸಿಕ್ಕಿದರೆ ಏನು ಸಿಕ್ಕಿತು, ಎಲ್ಲಿ, ಯಾವತ್ತು ಎಂದು ಜಿಲ್ಲಾಧಿಕಾರಿಗೆ ಬರೆದು ತಿಳಿಸಬೇಕು ಎನ್ನುತ್ತದೆ. ಇನ್ನು ಮೀಸಲು ಅರಣ್ಯ. ಅಲ್ಲಿ ಗುದ್ದಲಿ ಹಾಕುವ ಪ್ರಶ್ನೆಯೇ ಇಲ್ಲ. ಗೇರುಸೊಪ್ಪೆಯ ಮೇಲಿನ ಕಾಡು ಸಿಂಗಳೀಕದ ಅಭಯಾರಣ್ಯ. ನನ್ನ ಯಂತ್ರ ಒಮ್ಮೆಯೂ ಕಾಡು ಹೊಕ್ಕಿಲ್ಲ. ಅದನ್ನು ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಘಾಟಿ ಹತ್ತಬೇಡಿ ಎಂದು ಅರಣ್ಯ ಇಲಾಖೆಯಲ್ಲಿದ್ದ ಹಳೆಯ ಪರಿಚಯದವರೊಬ್ಬರು ಹೇಳಿದ್ದರು. "ಗುದ್ಲಿ ಒಂದಿದ್ರೆ ರೈತ ಅಂತ ಬಿಡ್ತ್ರು, ಮಷೀನ್ ಇದ್ರೆ ಕೇಸು" ಎಂಬುದು ಅವರ ಮಾತು.

ಭಾವನ ಬೇಣದಲ್ಲಿ ಕೊನೆಗೂ ಸಿಕ್ಕಿದ್ದು ಒಂದು ಸೀಸದ ಗುಂಡು.

ಮೊದಲ ನೋಟಕ್ಕೆ ಸುಣ್ಣ ಮೆತ್ತಿದ ಹರಳು. ಸೀಸಕ್ಕೆ ತುಕ್ಕು ಹಿಡಿಯುವುದಿಲ್ಲ, ಬದಲಿಗೆ ಬಿಳಿ ಹೊರಪದರ ಕಟ್ಟುತ್ತದೆ. ಆ ಬಿಳುಪೇ ಅದರ ವಯಸ್ಸಿನ ಗುರುತು, ಆದ್ದರಿಂದ ಉಜ್ಜಬಾರದು. ಒಂದು ಬದಿ ಉರುಟು, ಇನ್ನೊಂದು ಬದಿ ಚಪ್ಪಟೆ. ಏನಕ್ಕೋ ಬಡಿದಿದೆ. ಆಕಾರ ಕೆಟ್ಟ ಮೇಲೆ ಅಳತೆಪಟ್ಟಿ ಕೆಲಸಕ್ಕೆ ಬಾರದು, ತೂಕ ಮಾತ್ರ ಸುಳ್ಳು ಹೇಳುವುದಿಲ್ಲ. ಪೇಟೆಯ ಅಕ್ಕಸಾಲಿಗರ ತಕ್ಕಡಿಯಲ್ಲಿ ಇಟ್ಟಾಗ 31 ಗ್ರಾಂ ಚಿಲ್ಲರೆ ಬಂತು. ಆ ಕಾಲದ ಬ್ರಿಟಿಷ್ ಬಂದೂಕು, 'ಬ್ರೌನ್ ಬೆಸ್' ಎಂದು ಕರೆಯುತ್ತಿದ್ದರಲ್ಲ, ಅದರ ಗುಂಡು ಒಂದು ಪೌಂಡ್ ಸೀಸಕ್ಕೆ ಹದಿನಾಲ್ಕೂವರೆಯ ಲೆಕ್ಕದಲ್ಲಿ ಎರಕ ಹೊಯ್ಯುತ್ತಿದ್ದದ್ದು. ಲೆಕ್ಕ ಹಾಕಿದರೆ 31 ಗ್ರಾಂ ಆಸುಪಾಸು. ಅಕ್ಕಸಾಲಿಗರು ಕನ್ನಡಕದ ಮೇಲಿಂದ ನೋಡಿ, "ಇದಕ್ಕೆ ಯಾವ ರೇಟೂ ಇಲ್ಲ ಹೆಗಡೇರೆ" ಎಂದರು. ಗುಜರಿ ದರದಲ್ಲಿ ಹತ್ತು ರೂಪಾಯಿ ಮುಟ್ಟುವುದಿಲ್ಲ, ಅಂದರೆ ನಿಕ್ಷೇಪ ಕಾಯ್ದೆಯೇ ಅನ್ವಯಿಸದೇನೋ! ಆದರೂ ಸರ್ವೆ ನಂಬರ್, ಆಳ, ದಿನಾಂಕ, ಫೋಟೊ ಸೇರಿಸಿ ಕಾರವಾರದ ಜಿಲ್ಲಾಧಿಕಾರಿಗೆ ಕಾಗದ ಬರೆದೆ.

ಅದು 1783ರದ್ದೇ ಎಂದು ನಾನು ಎಲ್ಲೂ ಹೇಳಿಲ್ಲ. ತೂಕ ಹೊಂದುತ್ತದೆ, ಜಾಗ ಹೊಂದುತ್ತದೆ, ಅಷ್ಟೇ. ನಮ್ಮ ಕಡೆ ಬೆಳೆ ಕಾಯಲು ಕೇಪಿನ ಕೋವಿ ಇಟ್ಟುಕೊಳ್ಳುವ ರೂಢಿ ಇನ್ನೂ ಇದೆ. ನಳಿಗೆಯ ಬಾಯಿಯಿಂದ ಮದ್ದು ಜಡಿದು, ಮನೆಯಲ್ಲೇ ಎರಕ ಹೊಯ್ದ ಸೀಸದ ಗುಂಡನ್ನೋ ಚರೆಯನ್ನೋ ತುಂಬಿ ಹಂದಿಗೆ ಹೊಡೆಯುವ ಕೋವಿ ಅದು. ಇಂಗ್ಲೆಂಡಿನಲ್ಲಿ ಸೀಸದ ಉರುಟು ಗುಂಡು ಸಿಕ್ಕರೆ ಹಳೆಯದು ಎಂದು ಬೇಗ ತೀರ್ಮಾನಿಸಬಹುದೇನೋ. ನಮ್ಮ ಗುಡ್ಡದಲ್ಲಿ ಅದು ಟಿಪ್ಪುವಿನ ಕಾಲದ್ದೂ ಆದೀತು, ಪಕ್ಕದ ಮನೆಯ ಗೌಡರು ಹೋದ ವರ್ಷ ಹಾರಿಸಿದ್ದೂ ಆದೀತು. ಬಿಳಿ ಪದರ, ತೂಕ, ಎಷ್ಟು ಆಳದಲ್ಲಿತ್ತು, ಸುತ್ತ ಇನ್ನೇನಿತ್ತು, ಇವಿಷ್ಟೂ ಒಟ್ಟಿಗೆ ಬಂದಾಗ ಮಾತ್ರ ಏನಾದರೂ ಹೇಳಬಹುದು. ಕಿತ್ತು ಕಿಸೆಗೆ ಹಾಕಿಕೊಂಡ ಗುಂಡು ಬರೀ ಸೀಸ.

ಇದನ್ನು ಜಗತ್ತಿಗೇ ತೋರಿಸಿಕೊಟ್ಟದ್ದು ಅಮೆರಿಕದ ಲಿಟಲ್ ಬಿಗ್ ಹಾರ್ನ್ ರಣಭೂಮಿ. 1876ರ ಜೂನ್ 25ರಂದು ಅಲ್ಲಿನ ಮೂಲನಿವಾಸಿ ಯೋಧರು ಕಸ್ಟರ್ ಎಂಬ ಸೇನಾಧಿಕಾರಿಯ ತುಕಡಿಯನ್ನು ಪೂರ್ತಿ ಮುಗಿಸಿದರು. ಹೇಗೆ ನಡೆಯಿತು ಎನ್ನಲು ಆ ತುಕಡಿಯವರು ಒಬ್ಬರೂ ಉಳಿದಿರಲಿಲ್ಲ. ಗೆದ್ದವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1983ರಲ್ಲಿ ಬೆಂಕಿ ಬಿದ್ದು ಹುಲ್ಲು ಸುಟ್ಟುಹೋದಾಗ ನೆಲ ಬಯಲಾಯಿತು. ಡಗ್ಲಸ್ ಸ್ಕಾಟ್ ಮತ್ತು ರಿಚರ್ಡ್ ಫಾಕ್ಸ್ ಎಂಬ ಪುರಾತತ್ವಜ್ಞರು 1984 ಮತ್ತು 85ರಲ್ಲಿ ಹವ್ಯಾಸಿ ಡಿಟೆಕ್ಟರಿನವರನ್ನು ಸಾಲಾಗಿ ನಿಲ್ಲಿಸಿದರು. ಕೂಗಿದ ಕಡೆಯೆಲ್ಲ ಸಣ್ಣ ಬಾವುಟ ನೆಟ್ಟರು. ಪ್ರತಿ ತೋಟಾವೂ ಎಲ್ಲಿತ್ತು ಎಂದು ನಕ್ಷೆಯಲ್ಲಿ ಗುರುತಿಸಿದ ಮೇಲೆಯೇ ಎತ್ತಿದರು. ಖಾಲಿ ತೋಟಾದ ಬುಡದಲ್ಲಿ ಬಂದೂಕಿನ ಸುತ್ತಿಗೆಮೊಳೆ ಬಿಟ್ಟ ಗುರುತಿನಿಂದ ಒಂದೇ ಬಂದೂಕು ಎಲ್ಲಿಂದ ಎಲ್ಲಿಗೆ ಓಡಿತು ಎಂದು ಗೆರೆ ಎಳೆದರು. ಯೋಧರ ಕೈಯಲ್ಲಿ ಒಂದರ ಹಿಂದೊಂದು ಗುಂಡು ಹಾರಿಸುವ ರೈಫಲ್‌ಗಳು ಸಾಕಷ್ಟಿದ್ದವು ಎಂಬುದು ಹಾಗೆ ಖಚಿತವಾಯಿತು, ಮೂಲನಿವಾಸಿಗಳ ಬಾಯಿಮಾತಿನ ಕಥೆಗೂ ಬೆಲೆ ಬಂತು. ಯಂತ್ರ ಅದೇ, ಹಿಡಿದವರ ಉದ್ದೇಶ ಬೇರೆ. ಇದನ್ನು ಓದಿದ ಮೇಲೆ ಭಾವನ ಬೇಣದಲ್ಲಿ ನಾನೂ ಬಿದಿರು ಕಡ್ಡಿಗೆ ಕೆಂಪು ಬಟ್ಟೆ ಕಟ್ಟಿ ನೆಡುತ್ತ ಹೋದೆ. ಕೆಲಸದವರಿಗೆ ಈಗ ನಾನು ಯಾವುದೋ ದೈವದ ಹರಕೆ ತೀರಿಸುತ್ತಿದ್ದೇನೆ ಎಂಬ ಅನುಮಾನ.

ಯಂತ್ರ ಕೊಟ್ಟದ್ದಕ್ಕಿಂತ ಹೆಚ್ಚನ್ನು ಕೊಟ್ಟದ್ದು ಮನೆಯಂಗಳಗಳು. ನನ್ನ ಸುದ್ದಿ ಕೇಳಿದ ಒಬ್ಬ ಅಜ್ಜಿ ಮೊಮ್ಮಗನ ಕೈಲಿ ಹೇಳಿ ಕಳಿಸಿದರು. ಹೋಗಿ ನೋಡಿದರೆ ಕೊಟ್ಟಿಗೆಯ ಬಾಗಿಲಿಗೆ ಒತ್ತು ಕೊಟ್ಟದ್ದು ಕಬ್ಬಿಣದ ಒಂದು ಫಿರಂಗಿ ಗುಂಡು! "ಆನು ಮದ್ವೆ ಆಗಿ ಬಪ್ಪಕಾದ್ರೇ ಅದು ಅಲ್ಲೇ ಇತ್ತು ತಮಾ, ಗದ್ದೆ ಹೂಡಕಾದ್ರೆ ಸಿಕ್ಕಿದ್ದಡ" ಎಂದರು. ಯಾವ ಗದ್ದೆ ಎಂದು ಕೇಳಿದೆ. ಕೋಲು ಊರಿಕೊಂಡು ಬಂದು ಬೆರಳು ಮಾಡಿ ತೋರಿಸಿದರು. ಆ ಬೆರಳಿನ ತುದಿ ನನಗೆ ಗುಂಡಿಗಿಂತ ದೊಡ್ಡ ಲಾಭ. ದಾರ ಸುತ್ತಿ ಅಳೆದರೆ ಅಡ್ಡಳತೆ ಹತ್ತು ಸೆಂಟಿಮೀಟರಿಗೆ ತುಸು ಕಡಿಮೆ. ಒಂಬತ್ತು ಪೌಂಡಿನ ತೋಪಿನ ಗುಂಡು ಸುಮಾರು ಹತ್ತು ಸೆಂಟಿಮೀಟರ್ ಅಗಲ, ನಾಲ್ಕು ಕಿಲೋ ತೂಕ ಇರುತ್ತಿತ್ತು. ಹದಿನೆಂಟು ಪೌಂಡಿನದ್ದಾದರೆ ಹದಿಮೂರು ಸೆಂಟಿಮೀಟರ್ ಹತ್ತಿರ, ಎಂಟು ಕಿಲೋ. ಹೀಗೆ ಅಳತೆ ಹಿಡಿದರೆ ಯಾವ ಗಾತ್ರದ ತೋಪು ಅಲ್ಲಿಯವರೆಗೆ ಬಂದಿತ್ತು ಎಂಬ ಅಂದಾಜು ಸಿಗುತ್ತದೆ. ತುಕ್ಕು ತಿಂದ ಪಾಲನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು ಅಷ್ಟೇ.

ಆ ಗುಂಡು ಎಪ್ಪತ್ತು ವರ್ಷದಿಂದ ಕೊಟ್ಟಿಗೆಯಲ್ಲಿದ್ದೂ ಗಟ್ಟಿಯಾಗಿರುವುದು ಅದೃಷ್ಟ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಬೀಳುವ, ಉಪ್ಪುಗಾಳಿ ಬೀಸುವ ನೆಲದಲ್ಲಿ ಕಬ್ಬಿಣ ಬಾಳುವುದು ಕಷ್ಟ. ಮಣ್ಣಿನಲ್ಲಿರುವಾಗ ಹೇಗೋ ಒಂದು ಹದಕ್ಕೆ ಬಂದಿರುತ್ತದೆ. ಹೊರತೆಗೆದು ಬಿಸಿಲಿಗಿಟ್ಟರೆ ಒಳಗೆ ಹೊಕ್ಕ ಉಪ್ಪು ಕೆಲಸ ಶುರು ಮಾಡುತ್ತದೆ, ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಅದನ್ನು ತಡೆಯುವ ಕೆಲಸ ಪ್ರಯೋಗಾಲಯದ್ದು, ಸೀಮೆಎಣ್ಣೆಯಲ್ಲಿ ಅದ್ದಿಟ್ಟು ಉಜ್ಜುವವರದ್ದಲ್ಲ. ಅಗೆಯದೆ ಬಿಡುವುದೇ ಸಂರಕ್ಷಣೆ ಎಂದು ನಾನು ನಂಬಿದ್ದು ಇಂಥವನ್ನು ಕಂಡ ಮೇಲೆ.

ಯಂತ್ರಕ್ಕಿಂತ ಜನರೇ ಹೆಚ್ಚು ಉಳಿಸುತ್ತಾರೆ ಎಂಬುದಕ್ಕೆ ಘಟ್ಟದ ಮೇಲಿನ ಬಿದನೂರು ನಗರದ ಕಥೆಯೂ ಸಾಕ್ಷಿ. ಅಲ್ಲಿ ಟಿಪ್ಪು ಕಾಲದ ರಾಕೆಟ್‌ಗಳು ಸಿಕ್ಕಿದ್ದು ಯಂತ್ರದಿಂದಲ್ಲ, 2002ರಲ್ಲಿ ಪಾಳುಬಿದ್ದ ಬಾವಿಯೊಂದರ ಹೂಳು ತೆಗೆಯುವಾಗ. ಅವು ಏನೆಂದು ಗುರುತಿಸುವುದಕ್ಕೇ ವರ್ಷಗಳು ಹಿಡಿದವು. 2018ರ ಜುಲೈಯಲ್ಲಿ ರಾಜ್ಯ ಪುರಾತತ್ವ ಇಲಾಖೆ ಆರ್. ಶೇಜೇಶ್ವರ ನಾಯಕ ಅವರ ನೇತೃತ್ವದಲ್ಲಿ ಅದೇ ಬಾವಿಯನ್ನು ಕ್ರಮಬದ್ಧವಾಗಿ ಅಗೆದಾಗ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಬಂದವು. ಕಬ್ಬಿಣದ ಕೊಳವೆಗಳು, ಒಂದೊಂದೂ 23ರಿಂದ 26 ಸೆಂಟಿಮೀಟರ್ ಉದ್ದ, ಒಳಗೆ ಮದ್ದಿನ ಪುಡಿ. ಬಾವಿಯ ಮಣ್ಣಿಗೇ ಮದ್ದಿನ ವಾಸನೆ ಹತ್ತಿತ್ತಂತೆ. ಮೊದಲ ಸಲವೇ ಅವು ಗುಜರಿಗೆ ಹೋಗಿದ್ದರೆ? ಹೋಗದಂತೆ ತಡೆದದ್ದು ಯಾವ ಡಿಟೆಕ್ಟರೂ ಅಲ್ಲ, ಇದೇನೋ ವಿಚಿತ್ರವಾಗಿದೆ ಎಂದು ಎತ್ತಿಟ್ಟ ಜನ.

ಯಂತ್ರ ಮನೆಯಲ್ಲಿಟ್ಟು ಬರೀ ನೋಟುಬುಕ್ಕು ಹಿಡಿದು ಕಾಡು ನಡೆಯತೊಡಗಿದ ಮೇಲೆ ಯುದ್ಧದ ಗುರುತುಗಳು ನೆಲದ ಮೇಲೆಯೇ ಎಷ್ಟಿವೆ ಎಂಬುದು ಕಣ್ಣಿಗೆ ಬಿತ್ತು. ಭಟ್ಕಳದ ಒಳನಾಡಿನಲ್ಲಿ, ಹಾಡುವಳ್ಳಿಯ ಕಡೆ ನಡೆದರೆ ವೀರಗಲ್ಲುಗಳು. ಕೆಳಗಿನ ಪಟ್ಟಿಕೆಯಲ್ಲಿ ಹೊಡೆದಾಟ, ನಡುವೆ ಸತ್ತವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ದೇವಲೋಕ. ಕೆಳಗಿನ ಪಟ್ಟಿಕೆಯನ್ನು ತುಸು ಹೊತ್ತು ನೋಡಿ. ಯಾರ ಕೈಯಲ್ಲಿ ಬಿಲ್ಲು, ಯಾರ ಕೈಯಲ್ಲಿ ಕತ್ತಿ ಗುರಾಣಿ, ಯಾರು ಕುದುರೆಯ ಮೇಲೆ, ಎಲ್ಲ ಇದೆ. ಪಕ್ಕದಲ್ಲೇ ಬಳೆ ತೊಟ್ಟ ಕೈ ಎತ್ತಿದ ಮಾಸ್ತಿಕಲ್ಲು. ಕುಮಟಾ ಪೇಟೆಯ ಮಾಸ್ತಿಕಟ್ಟೆಯಲ್ಲಿ ದಿನವೂ ಬಸ್ಸಿಗೆ ಕಾಯುವವರಿಗೆ ಆ ಹೆಸರು ಯಾಕೆ ಬಂತು ಎಂದು ಯೋಚಿಸಲು ಪುರುಸೊತ್ತಿಲ್ಲ. ಭಟ್ಕಳವನ್ನು ಪೋರ್ಚುಗೀಸರು ಸುಟ್ಟದ್ದು 1542ರಲ್ಲಿ, ಹೊನ್ನಾವರವನ್ನು ಹಿಡಿದು ಕೋಟೆ ಕಟ್ಟಿದ್ದು 1569ರಲ್ಲಿ. ಅಷ್ಟು ಹಳೆಯ ಕಾದಾಟದ ಕಬ್ಬಿಣ ಎಲ್ಲಿ ಉಳಿದೀತು? ಕಲ್ಲು ಉಳಿದಿದೆ.

ಕಾಡು ನಡೆಯುವವರಿಗೆ ಎರಡು ಎಚ್ಚರಿಕೆ ಹೇಳಲೇಬೇಕು. ಮಳೆ ನಿಂತು ಉಂಬಳದ ಕಾಟ ಕಳೆದು, ದರಕು ಒಣಗಿ ನೆಲ ಕಾಣುವ ಹೊತ್ತಿಗೆ, ಅಂದರೆ ಡಿಸೆಂಬರಿನಿಂದ ಮೇವರೆಗೆ, ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ರೋಗ ನಮ್ಮ ತಾಲೂಕುಗಳಿಗೂ ಹೊಸದಲ್ಲ. ಹರಡುವುದು ಉಣುಗಿನಿಂದ. ದರಕಿನ ಮೇಲೆ ಮೊಣಕಾಲೂರಿ ನೆಲ ಕೆದಕುವವನಿಗಿಂತ ಒಳ್ಳೆಯ ಊಟ ಉಣುಗಿಗೆ ಸಿಗುವುದಿಲ್ಲ. ಮಂಗ ಸತ್ತು ಬಿದ್ದ ಸುದ್ದಿ ಇದ್ದ ಕಡೆಗೆ ಹೋಗಲೇಬೇಡಿ. ಹೋಗುವುದಿದ್ದರೆ ಆರೋಗ್ಯ ಇಲಾಖೆ ಕೊಡುವ ಎಣ್ಣೆ ಹಚ್ಚಿ, ಮೈತುಂಬ ಬಟ್ಟೆ ಹಾಕಿ, ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ.

ಎರಡನೆಯದು ಮದ್ದು. ಹಂದಿ ಹೊಡೆಯಲು ಕೆಲವರು ತಿಂಡಿಯೊಳಗೆ ಅಡಗಿಸಿ ಇಡುವ ಸಿಡಿಮದ್ದಿನ ಉಂಡೆ ಗುಡ್ಡದಲ್ಲಿ ಅಲ್ಲಲ್ಲಿ ಬಿದ್ದಿರುತ್ತದೆ. ದನದ ಬಾಯಿ ಒಡೆದದ್ದನ್ನು ನಾನೇ ನೋಡಿದ್ದೇನೆ. ಅದು ಸಿಡಿಯಲು ಗುದ್ದಲಿಯ ಒಂದು ಪೆಟ್ಟೂ ಸಾಕು. ಇನ್ನು ಸಮುದ್ರದ ಕಡೆ, ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪ ನೌಕಾಪಡೆ ಗುರಿ ಅಭ್ಯಾಸ ಮಾಡುತ್ತಿದ್ದ ಜಾಗ. ಅಲ್ಲಿ ಬಿದ್ದ ಶೆಲ್ಲುಗಳು ಹಳೆಯ ಕಾಲದ ನೆನಪುಗಳಲ್ಲ, ಕೆಲವು ಸಿಡಿಯದೆ ಉಳಿದವೂ ಇರಬಹುದು. ಫ್ರಾನ್ಸಿನ ವೆರ್ಡನ್ ಸುತ್ತಲಿನ ಹೊಲಗಳಲ್ಲಿ 1916ರ ಶೆಲ್ಲುಗಳು ಇವತ್ತಿಗೂ ನೇಗಿಲಿಗೆ ಸಿಗುತ್ತವೆ, ಇವತ್ತಿಗೂ ಜೀವ ತೆಗೆಯುವ ಶಕ್ತಿ ಅವಕ್ಕಿದೆ. ಉದ್ದನೆಯ, ಬಾಲವಿರುವ, ತುದಿಗೆ ಹಿತ್ತಾಳೆಯ ಟೊಪ್ಪಿಯಿರುವ ಯಾವ ಲೋಹವನ್ನೂ ಮುಟ್ಟಬೇಡಿ. ದೂರ ಸರಿದು 112ಕ್ಕೆ ಫೋನ್ ಮಾಡಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು. ನಮ್ಮ ಮೂರು ತಾಲೂಕಿನಲ್ಲಿ ಹಳೆಯ ರಣಭೂಮಿಗಳನ್ನು ಅಳಿಸುತ್ತಿರುವುದು ಡಿಟೆಕ್ಟರ್ ಅಲ್ಲ, ಜೆಸಿಬಿ. ಚತುಷ್ಪಥಕ್ಕೆಂದು ಗುಡ್ಡ ಕಡಿದಾಗ, ಕಲ್ಲುಕ್ವಾರಿಗೆಂದು ಬೇಣ ಬಗೆದಾಗ, ಲಾರಿಗಟ್ಟಲೆ ಮಣ್ಣು ಎಲ್ಲಿಂದ ಎಲ್ಲಿಗೋ ಹೋಯಿತು. ಅದರಲ್ಲಿ ಏನೇನು ಹೋಯಿತು ಎಂದು ನೋಡಿದವರಿಲ್ಲ. ನಿಧಿಗಳ್ಳನನ್ನು ಹಿಡಿದುಕೊಡಲು ಊರಿಗೆ ಊರೇ ಬರುತ್ತದೆ, ಜೆಸಿಬಿಯ ಹಲ್ಲಿಗೆ ಸಿಕ್ಕಿದ್ದೇನೆಂದು ಕೇಳುವವರಿಲ್ಲ. ಗುಡ್ಡ ಕಡಿಯುವ ಮುನ್ನ ಒಂದು ದಿನ ಪುರಾತತ್ವದವರು ಬಂದು ನಡೆದು ನೋಡುವ ಪದ್ಧತಿಯನ್ನು ಕಡ್ಡಾಯ ಮಾಡಬೇಕು. ಅಂಥ ದಿನ ಬಂದರೆ ನನ್ನ ಯಂತ್ರವನ್ನೂ, ಅದನ್ನು ನಮ್ಮ ನೆಲಕ್ಕೆ ಹೊಂದಿಸಲು ಗೊತ್ತಿರುವ ನನ್ನನ್ನೂ ಧಾರಾಳವಾಗಿ ಕರೆಯಬಹುದು.

ಸದ್ಯಕ್ಕೆ ಯಂತ್ರ ಬೇರೆ ಕೆಲಸದಲ್ಲಿದೆ. ನಾಟಿ ಹೊತ್ತಿಗೆ ಗದ್ದೆಯಲ್ಲಿ ಬೆಂಡೋಲೆ ಕಳೆದುಕೊಂಡವರು, ಅಂಗಳ ಗುಡಿಸುವಾಗ ಉಂಗುರ ಬಿದ್ದವರು ಹುಡುಕಿಕೊಂಡು ಬರುತ್ತಾರೆ. ನಿಧಿಗಳ್ಳ ಎಂಬ ಬಿರುದು ಹೋಗಿ ಈಗ ಮರ್ಯಾದೆಯ ಚಹಾ ಸಿಗುತ್ತದೆ. ಚಹಾ ಕುಡಿಯುತ್ತ ನಾನು ಕೇಳುವುದು ಒಂದೇ ಪ್ರಶ್ನೆ: "ನಿಮ್ಮಲ್ಲಿ ಹಳೇ ಕಬ್ಬಿಣದ ಉರುಟು ಗುಂಡು ಏನಾದ್ರೂ ಬಿದ್ದುಕೊಂಡಿದ್ಯಾ?" ಹೀಗೆ ಕೇಳಿ ಕೇಳಿ ಒಂದು ನಕ್ಷೆ ತಯಾರಾಗುತ್ತಿದೆ. ಅಜ್ಜಿ ಬೆರಳು ಮಾಡಿದ ಗದ್ದೆ ಅದರಲ್ಲಿ ಮೊದಲ ಚುಕ್ಕೆ.

ಕುಮಟಾ, ಹೊನ್ನಾವರ, ಭಟ್ಕಳದವರು ಇದನ್ನು ಓದುತ್ತಿದ್ದರೆ ನಿಮ್ಮ ಕೊಟ್ಟಿಗೆ, ಬಾವಿಕಟ್ಟೆ, ಹಿತ್ತಲ ಕಡೆ ಒಮ್ಮೆ ಕಣ್ಣಾಡಿಸಿ. ಗುಂಡೋ, ತೋಪಿನ ಚೂರೋ, ಬರಹವಿರುವ ಕಲ್ಲೋ ಕಂಡರೆ ಗುಜರಿಯವನಿಗೆ ಕೊಡಬೇಡಿ, ತೊಳೆಯಬೇಡಿ, ಬಣ್ಣ ಬಳಿಯಬೇಡಿ. ಎಲ್ಲಿ ಸಿಕ್ಕಿತ್ತು ಎಂದು ಮನೆಯ ಹಿರಿಯರನ್ನು ಈಗಲೇ ಕೇಳಿ ಬರೆದಿಟ್ಟುಕೊಳ್ಳಿ, ತಹಶೀಲ್ದಾರರಿಗೋ ಪುರಾತತ್ವ ಇಲಾಖೆಗೋ ಒಂದು ಕಾಗದ ಹಾಕಿ. ಫೋಟೊ ತೆಗೆಯುವಾಗ ಅಳತೆ ತಿಳಿಯಲು ಪಕ್ಕದಲ್ಲೊಂದು ಐದು ರೂಪಾಯಿ ನಾಣ್ಯ ಇಡಿ.